ರೋಬೋಟ್ ಹಾಡಲಿ ಬಿಡ್ರಿ, ಆದರೆ ಹಾಡು ಹುಡುಗರದೇ ಇರಲಿ

"ಹಾಡು ಗೀಡು ಏನೂ ಬ್ಯಾಡ, ಮೊದಲ ಗಾಡಿ ನೆಟ್ಟಗ ಓಡಸ್ರಿ."

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಶಾಲೆಯ ಹುಡುಗರು ಸ್ಪರ್ಧೆಗೆ ರೋಬೋಟ್ ಕಟ್ಟುವಾಗ ನಾವು ಕೇಳಿದ ಮಾತು ಇದು. ಮಾಸ್ತರರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಈ ಮಾತು ತಪ್ಪು ಅಂತ ಹೇಳಲೇಬೇಕು.

ಮಾಸ್ತರರ ಕಾರಣ ಕೇಳಿ: ಹಾಡು ಶುರುವಾದ ಕೂಡಲೇ ರೋಬೋಟ್ ಕಪ್ಪು ಗೆರೆ ಬಿಟ್ಟು ಎಲ್ಲೋ ಹೋಗುತ್ತದೆ. ನಿಜ, ಹೋಗುತ್ತದೆ. ಆದರೆ ತಪ್ಪು ಹಾಡಿನದಲ್ಲ. ಆರ್ಡುಯಿನೋ ಪ್ರೋಗ್ರಾಂನಲ್ಲಿ ಪ್ರತಿ ಸ್ವರದ ನಂತರ 'ಡಿಲೇ' ಅಂತ ಬರೆದರೆ, ಅಷ್ಟು ಹೊತ್ತು ರೋಬೋಟ್ ಗೆರೆ ನೋಡುವುದನ್ನೇ ನಿಲ್ಲಿಸುತ್ತದೆ. ಅದರ ಬದಲು 'ಮಿಲ್ಲಿಸ್' ಬಳಸಿ ಹೊತ್ತು ಎಣಿಸಿದರೆ ಹಾಡೂ ನಡೆಯುತ್ತದೆ, ಗಾಡಿಯೂ ನಡೆಯುತ್ತದೆ. ಇನ್ನೊಂದು: ಆರ್ಡುಯಿನೋ ಊನೋದಲ್ಲಿ ಸ್ವರ ನುಡಿಸುವ 'ಟೋನ್' ಆಜ್ಞೆ 3 ಮತ್ತು 11ನೇ ಪಿನ್ನುಗಳ ವೇಗ ನಿಯಂತ್ರಣ ಕೆಡಿಸುತ್ತದೆ. ಮೋಟಾರಿನ ವೇಗದ ತಂತಿ ಅಲ್ಲಿದ್ದರೆ ಬೇರೆ ಪಿನ್ನಿಗೆ ಹಚ್ಚಿದರಾಯಿತು. ಹಾಡು ತೆಗೆಸಿದ ಮಾಸ್ತರರು ಇಂಥ ಎರಡು ಪಾಠಗಳನ್ನೇ ತೆಗೆಸಿದಂತಾಯಿತು.

ಇನ್ನು ಕೆಲವರು ಮೆಮೊರಿ ಕಾರ್ಡಿಗೆ ಸಿನಿಮಾ ಹಾಡು ತುಂಬಿ ರೋಬೋಟಿಗೆ ಸಿಗಿಸುತ್ತಾರೆ. ಕಬ್ಬಿನ ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸ್ ಕಟ್ಟಿದಂತೆ. ಸದ್ದು ಜೋರು, ಕಲಿತದ್ದು ಏನೂ ಇಲ್ಲ. ಇದನ್ನೂ ನಾವು ಒಪ್ಪುವುದಿಲ್ಲ.

ಸ್ವರ ಹುಡುಗರೇ ಕಟ್ಟಬೇಕು. ಬೇಕಾದದ್ದು ಒಂದು ಪ್ಯಾಸಿವ್ ಬಝರ್. ಭಜಿ ತಿನ್ನುವ ರೊಕ್ಕದಲ್ಲಿ ಬರುತ್ತದೆ. 'ಸ' 240 ಇಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 240 ಕಂಪನ. ಒಂದೂಕಾಲು ಪಟ್ಟು ಮಾಡಿದರೆ 'ಗ' 300, ಒಂದೂವರೆ ಪಟ್ಟು 'ಪ' 360, ಎರಡು ಪಟ್ಟು ಮೇಲಿನ 'ಸ' 480. ಭಿನ್ನರಾಶಿ ಲೆಕ್ಕ ಕಿವಿಗೆ ಕೇಳಿಸುವುದು ಹೀಗೆ. ಅಪ್ಪ ಕರಡಿ ಮಜಲಿನಲ್ಲಿ ಬಾರಿಸುವ, ಅಜ್ಜ ಭಜನೆಯಲ್ಲಿ ತಾಳ ಹಿಡಿಯುವ ಮನೆಯ ಹುಡುಗಿಗೆ ಲಯ ಯಾರೂ ಕಲಿಸಬೇಕಿಲ್ಲ. ಅದನ್ನು ಮಿಲಿಸೆಕೆಂಡಿನಲ್ಲಿ ಬರೆಯುವುದಷ್ಟೇ ಬಾಕಿ. ಕಾಗವಾಡದ ಮಗ್ಗುಲಲ್ಲೇ ಮಿರಜ್ ಇದೆ. ಅಲ್ಲಿಯ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಇಂಥ ಸೀಮೆಯ ಮಕ್ಕಳಿಗೆ ಸಂಗೀತ ಬೇಡ ಅನ್ನುವುದು ಎಂಥ ನ್ಯಾಯ?

ಈಗ ಅಸಲು ಮಾತಿಗೆ ಬರೋಣ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಆ ರೊಕ್ಕ ಇರುವುದು ಮಕ್ಕಳ ಕೈ ಕೆಲಸ ಮಾಡಲಿ ಅಂತ. ಆದರೆ ಸ್ಪರ್ಧೆಗಳಲ್ಲಿ ನಾವು ಕಂಡದ್ದೇನು? ಬೇರೆ ಯಾರೋ ಕಟ್ಟಿಕೊಟ್ಟ ರೋಬೋಟ್, ಬಾಯಿಪಾಠ ಮಾಡಿದ ಇಂಗ್ಲಿಷ್ ಭಾಷಣ, ಮೇಲೆ ಚಪ್ಪಾಳೆ. ತಾನೇ ತಂತಿ ಜೋಡಿಸಿದ ಕನ್ನಡ ಶಾಲೆಯ ಹುಡುಗ ಇಂಗ್ಲಿಷ್ ಬಾರದೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಅವನು ಸೋಲುವುದು ಕೆಲಸ ಬಾರದ್ದಕ್ಕಲ್ಲ.

ಇದಕ್ಕೆ ಮದ್ದು ಹಾಡಿನಲ್ಲೇ ಇದೆ. ತೀರ್ಪುಗಾರರು ಒಂದೇ ಮಾತು ಕೇಳಲಿ: "ಈ ಹಾಡಿನ ಲಯ ಅರ್ಧಕ್ಕೆ ಇಳಿಸಪ್ಪ, ನೋಡೋಣ." ಕಟ್ಟಿದವನು ಅಲ್ಲೇ ಕೂತು ಇಳಿಸುತ್ತಾನೆ. ಕೊಂಡು ತಂದವನು ಸರ್ ಮುಖ ನೋಡುತ್ತಾನೆ. ಈ ಪರೀಕ್ಷೆಗೆ ಇಂಗ್ಲಿಷ್ ಬೇಕಿಲ್ಲ. ಕಿವಿ ಇದ್ದರೆ ಸಾಕು.

ಸಂಗೀತ ಅಂದರೆ ಬರೀ ಶೋಕಿ ಅನ್ನುವವರಿಗೆ ಒಂದು ಮಾತು. ಜಗತ್ತಿನ ದೊಡ್ಡ ಸ್ಪರ್ಧೆ ರೋಬೋಕಪ್ ಜೂನಿಯರ್‌ನಲ್ಲಿ 'ಆನ್‌ಸ್ಟೇಜ್' ಅಂತ ಒಂದು ವಿಭಾಗವೇ ಇದೆ. ಮಕ್ಕಳು ಕಟ್ಟಿದ ರೋಬೋಟ್‌ಗಳು ಅಲ್ಲಿ ವೇದಿಕೆ ಏರಿ ಪ್ರದರ್ಶನ ಕೊಡುತ್ತವೆ. ಮೊದಲು ಆ ವಿಭಾಗದ ಹೆಸರೇ 'ಡಾನ್ಸ್' ಅಂತ ಇತ್ತು.

ನಿಯಮದಲ್ಲೇ ಸದ್ದು ಬೇಡ ಅಂತ ಇದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ, ಮಾಸ್ತರರೇ, ಹಾಡು ತೆಗೆಸಬೇಡಿ, ಡಿಲೇ ತೆಗೆಸಿ. ತೀರ್ಪುಗಾರರೇ, ಭಾಷಣಕ್ಕೆ ಅಂಕ ಕಡಿಮೆ ಮಾಡಿ, ಕನ್ನಡದಲ್ಲೂ ಪ್ರಶ್ನೆ ಕೇಳಿ. ತಾಯಿ ತಂದೆಯರೇ, ಮನೆಯಲ್ಲಿ ಬಝರ್ ಪೀಂ ಪೀಂ ಅಂದರೆ ಬೈಯಬೇಡಿ.

ಮಗು ಲೆಕ್ಕ ಮಾಡುತ್ತಿದೆ.