ಗಾಯ ಚಿಕ್ಕದು, ಹೊಣೆ ಚಿಕ್ಕದಲ್ಲ

ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಹಾದಿಯ ಊರೊಂದರಲ್ಲಿ ನನ್ನ ಖಾಲಾ ಒಬ್ಬರಿದ್ದಾರೆ. ಬಲ ಪಕ್ಕೆಲುಬಿನ ಕೆಳಗಿನ ನೋವನ್ನು ಅವರು ಎರಡು ವರ್ಷ ಸೋಡಾ, ಜೀರಿಗೆ ಕಷಾಯ ಮತ್ತು ಗ್ಯಾಸಿನ ಮಾತ್ರೆಗಳಲ್ಲಿಯೇ ಕಳೆದರು. ಒಂದು ರಾತ್ರಿ ಜ್ವರ ಮತ್ತು ವಾಂತಿ ವಿಪರೀತವಾಗಿ ಆಸ್ಪತ್ರೆಗೆ ಸೇರಿಸಿದಾಗ, ಪಿತ್ತಕೋಶದ ತುಂಬ ಕಲ್ಲುಗಳಿವೆಯೆಂದು ಗೊತ್ತಾಯಿತು. ‘ದುರ್ಬೀನ್ ಆಪರೇಷನ್, ಚಿಂತೆ ಬೇಡ’ ಎಂದು ಹೇಳಿ ಒಪ್ಪಿಗೆ ಪತ್ರವನ್ನು ಮಗನ ಮುಂದೆ ಹಿಡಿದರು. ಹಾಸಿಗೆಯಲ್ಲಿ ಪೂರ್ಣ ಎಚ್ಚರದಲ್ಲಿಯೇ ಇದ್ದ ಖಾಲಾ ‘ನನ್ನ ಹೊಟ್ಟ್ಯಾಗಿಂದ ಏನ್ ತೆಗೀತೀರಿ?’ ಎಂದು ಕೇಳಿದರು. ವೈದ್ಯರು ಉತ್ತರಿಸಲಿಲ್ಲ. ಮಗ ಉತ್ತರಿಸಿದ: ‘ಅಮ್ಮಿ, ನಿಮಗ್ಯಾಕ ಅದೆಲ್ಲ, ಸುಮ್ಮನ ಮಲಕೋರಿ.’

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಮೂರನೆಯ ದಿನ ಖಾಲಾ ಮನೆಗೆ ಬಂದರು. ಆರನೆಯ ದಿನ ನಲ್ಲಿಗೆ ನೀರು ಬಂದಾಗ ತುಂಬಿದ ಕೊಡ ಎತ್ತುತ್ತಿದ್ದರು. ‘ನಾಲ್ಕು ಸಣ್ಣ ತೂತು ಅಷ್ಟೇ, ಹೊಲಿಗಿನೂ ಕಾಣಂಗಿಲ್ಲ’ ಎಂದು ಮನೆಯವರು ನೆರೆಹೊರೆಯವರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು. ಆರು ತಿಂಗಳ ನಂತರ ಹೊಕ್ಕುಳಿನ ಬಳಿ ನಿಂಬೆಹಣ್ಣಿನ ಗಾತ್ರದ ಗಂಟು ಕಾಣಿಸಿಕೊಂಡಿತು. ಅದು ಹರ್ನಿಯಾ. ಅದಕ್ಕಾಗಿ ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತೊಂದು ಸಾಲ. ಆ ಕೊಡವೇ ಇದಕ್ಕೆ ಕಾರಣವೆಂದು ಖಚಿತವಾಗಿ ಹೇಳಲು ನಾನು ವೈದ್ಯನಲ್ಲ. ಆದರೆ ಆ ಕೊಡವನ್ನು ಬೇರೆಯವರು ಎತ್ತಬಹುದಿತ್ತು ಎಂದು ಹೇಳಲು ವೈದ್ಯನಾಗಬೇಕಿಲ್ಲ.

ಉದರದರ್ಶಕ ಶಸ್ತ್ರಚಿಕಿತ್ಸೆ, ಅಂದರೆ ಲ್ಯಾಪ್ರೋಸ್ಕೋಪಿ ಅಲ್ಲಾಹನ ಸೃಷ್ಟಿಯಾದ ಈ ದೇಹವನ್ನು ಕಡಿಮೆ ನೋಯಿಸಿ ಗುಣಪಡಿಸಲು ಮನುಷ್ಯನ ಬುದ್ಧಿಗೆ ದೊರೆತ ಒಂದು ಅನುಗ್ರಹ. ಈ ಹಾದಿ ಬಹಳ ದೀರ್ಘವಾದದ್ದು. ಸಾವಿರ ವರ್ಷಗಳ ಹಿಂದೆ ಕೊರ್ಡೋವಾದ ಬಳಿ ಬಾಳಿದ್ದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ಸುಮಾರು 200 ಶಸ್ತ್ರೋಪಕರಣಗಳ ಚಿತ್ರಗಳನ್ನು ನೀಡಿದರು. 12ನೇ ಶತಮಾನದಲ್ಲಿ ಅದರ ಶಸ್ತ್ರಚಿಕಿತ್ಸಾ ಭಾಗವು ಲ್ಯಾಟಿನ್‌ಗೆ ಅನುವಾದಗೊಂಡು ಶತಮಾನಗಳ ಕಾಲ ಯುರೋಪಿನ ವೈದ್ಯರಿಗೆ ಪಠ್ಯವಾಯಿತು. 1910ರಲ್ಲಿ ಸ್ವೀಡನ್ನಿನ ಜಾಕೋಬಿಯಸ್ ಮನುಷ್ಯನ ಉದರದೊಳಗೆ ದರ್ಶಕವನ್ನಿಳಿಸಿ ನೋಡಿದ ವರದಿಯನ್ನು ಪ್ರಕಟಿಸಿದರು. 1980ರಲ್ಲಿ ಜರ್ಮನಿಯ ಕುರ್ಟ್ ಸೆಮ್ ಇದೇ ವಿಧಾನದಿಂದ ಅಪೆಂಡಿಕ್ಸನ್ನು ತೆಗೆದರೆ, 1985ರಲ್ಲಿ ಅದೇ ದೇಶದ ಎರಿಕ್ ಮ್ಯೂಹೆ ಪಿತ್ತಕೋಶವನ್ನು ತೆಗೆದರು. ಭಾರತದಲ್ಲಿ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಪಿತ್ತಕೋಶದ ಮೊದಲ ಲ್ಯಾಪ್ರೋಸ್ಕೋಪಿ ಮಾಡಿದರು. ಇಂದು ಅದು ಜಿಲ್ಲಾ ಕೇಂದ್ರಗಳವರೆಗೂ ಬಂದಿದೆ.

ಇದರ ಪ್ರಯೋಜನಗಳನ್ನು ಅಲ್ಲಗಳೆಯುವಂತಿಲ್ಲ. ಹೊಟ್ಟೆಯನ್ನು ಉದ್ದಕ್ಕೆ ಸೀಳುವ ಬದಲು ಅರ್ಧದಿಂದ ಒಂದು ಸೆಂಟಿಮೀಟರ್ ಅಳತೆಯ ಮೂರು-ನಾಲ್ಕು ರಂಧ್ರಗಳು ಸಾಕು. ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮರಾವಿರುವ ನಳಿಗೆಯನ್ನು ಒಳಗಿಳಿಸಿ, ಪರದೆಯ ಮೇಲೆ ನೋಡುತ್ತಾ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ನೋವು ಕಡಿಮೆ, ಗಾಯದ ಸೋಂಕು ಕಡಿಮೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು. ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕುಳಿತು ಸೀರೆ ನೇಯುವವನಿಗೆ, ಗುಳೇದಗುಡ್ಡದಲ್ಲಿ ಖಣ ನೇಯುವವನಿಗೆ, ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವನಿಗೆ ದುಡಿಮೆ ನಿಂತ ಪ್ರತಿದಿನವೂ ಒಲೆಯ ಮೇಲೆ ಪರಿಣಾಮ ಬೀರುತ್ತದೆ. ಅಂಥವನಿಗೆ ಬೇಗ ಚೇತರಿಸುವ ವಿಧಾನವು ದೊಡ್ಡ ಉಪಕಾರವೇ ಸರಿ.

ಆದರೆ ಚರ್ಮದ ಮೇಲಿನ ಗಾಯ ಚಿಕ್ಕದೆಂದ ಮಾತ್ರಕ್ಕೆ ಒಳಗಿನ ಶಸ್ತ್ರಚಿಕಿತ್ಸೆ ಚಿಕ್ಕದೇ? ಖಂಡಿತ ಅಲ್ಲ. ಒಳಗೆ ಕತ್ತರಿಸುವುದು ಅದೇ ಅಂಗವನ್ನು, ಕಟ್ಟುವುದು ಅದೇ ರಕ್ತನಾಳವನ್ನು. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಮೊದಲ ರಂಧ್ರ ಕೊರೆಯುವಾಗ ಕರುಳಿಗೆ ಅಥವಾ ರಕ್ತನಾಳಕ್ಕೆ ಪೆಟ್ಟು ಬೀಳುವ ಅಪಾಯವಿದೆ. ಅಪರೂಪವಾದರೂ ಅದು ಪ್ರಾಣಾಂತಿಕವಾಗಬಲ್ಲದು. ಪಿತ್ತನಾಳಕ್ಕೆ ಗಾಯವಾಗುವ ಸಾಧ್ಯತೆಯು ಸಾವಿರಕ್ಕೆ ಮೂರರಿಂದ ಐದರಷ್ಟಿದೆ ಎನ್ನಲಾಗುತ್ತದೆ. ಹೊಟ್ಟೆ ತೆರೆದು ಮಾಡುವ ವಿಧಾನಕ್ಕಿಂತ ಇದು ತುಸು ಹೆಚ್ಚು. ಕೆಲವರಲ್ಲಿ ಮಧ್ಯದಲ್ಲಿಯೇ ವಿಧಾನ ಬದಲಿಸಿ ಹೊಟ್ಟೆ ತೆರೆಯಬೇಕಾಗುತ್ತದೆ. ಅದು ಸೋಲಲ್ಲ, ವೈದ್ಯರ ವಿವೇಕ. ಖಾಲಾ ಮಾಡಿದಂತೆ ಸೋಂಕು ತಗಲುವವರೆಗೆ ಕಾಯ್ದವರಲ್ಲಿ ಹೀಗಾಗುವ ಸಂಭವ ಹೆಚ್ಚು. ಅಂದರೆ ಭಯದಿಂದ ಮಾಡುವ ವಿಳಂಬವು ನಾವು ಯಾವುದಕ್ಕೆ ಭಯಪಡುತ್ತೇವೆಯೋ ಅದನ್ನೇ ಹತ್ತಿರ ತರುತ್ತದೆ.

ಇನ್ನೊಂದು ತುದಿಯ ತಪ್ಪೂ ಇದೆ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತೆಂದು, ಯಾವ ತೊಂದರೆಯೂ ಇಲ್ಲದವರು ಧಾವಂತದಿಂದ ಆಪರೇಷನ್ ಮಾಡಿಸಿಕೊಳ್ಳುವುದು. ನೋವೇ ಕೊಡದ ಪಿತ್ತಕೋಶದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ಗರ್ಭಕೋಶದ ವಿಷಯದಲ್ಲಂತೂ ಇದು ಅನ್ಯಾಯದ ರೂಪವನ್ನೇ ತಾಳಿದೆ. ಕಲಬುರಗಿಯ ತಾಂಡಾಗಳ ಬಡ ಲಂಬಾಣಿ ಮಹಿಳೆಯರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳು ಅನಗತ್ಯವಾಗಿ ತೆಗೆದವೆಂಬ ಆರೋಪ 2015ರಲ್ಲಿ ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. 2023ರ ಎಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟ್ ಇಂತಹ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಆದೇಶಿಸಬೇಕಾಯಿತು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ಅದು ರೋಗಿಯ ಹಕ್ಕು.

ಸರಕಾರವೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ನಡೆದ ಸರಕಾರಿ ಶಿಬಿರವೊಂದರಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಲ್ಯಾಪ್ರೋಸ್ಕೋಪಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಆ ದಿನಗಳ ಶಿಬಿರಗಳಲ್ಲಿ 13 ಮಹಿಳೆಯರು ಪ್ರಾಣ ಕಳೆದುಕೊಂಡರು. ಒಂದು ತಂಡ ದಿನವೊಂದಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದೆಂಬ ನಿಯಮ ಕಾಗದದಲ್ಲಿಯೇ ಉಳಿದಿತ್ತು. 2016ರಲ್ಲಿ ಸುಪ್ರೀಮ್ ಕೋರ್ಟ್ ಮೂರು ವರ್ಷಗಳೊಳಗೆ ಇಂತಹ ಶಿಬಿರಗಳನ್ನೇ ನಿಲ್ಲಿಸುವಂತೆ ಹೇಳಿತು. ಯಂತ್ರ ಎಷ್ಟೇ ಆಧುನಿಕವಾಗಿದ್ದರೂ, ಅದರ ಹಿಂದಿನ ಮನಸ್ಸು ಮನುಷ್ಯನನ್ನು ಸಂಖ್ಯೆಯಾಗಿ ಕಂಡರೆ ಅದು ಕೊಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಈಗ ಆ ಸಹಿಯ ವಿಷಯಕ್ಕೆ ಬರೋಣ. 1995ರಲ್ಲಿ ದಿಲ್ಲಿಯ 44 ವರ್ಷದ ಮಹಿಳೆಯೊಬ್ಬರು ರೋಗಪತ್ತೆಯ ಲ್ಯಾಪ್ರೋಸ್ಕೋಪಿಗೆ ಒಪ್ಪಿಗೆ ನೀಡಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಯಿತು. 2008ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪಿನಲ್ಲಿ, ಇದು ಸಮ್ಮತಿಯಿಲ್ಲದೆ ನಡೆದ ಶಸ್ತ್ರಚಿಕಿತ್ಸೆ ಎಂದು ಸಾರಿತು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಪರವಾಗಿ, ಪ್ರಾಣಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ, ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ.

ತಾಯಿಗೇ ಇಲ್ಲದ ಹಕ್ಕು ನಮ್ಮ ಮನೆಗಳಲ್ಲಿ ಗಂಡನಿಗೆ, ಅತ್ತೆಗೆ, ಮಗನಿಗೆ ಎಲ್ಲಿಂದ ಬಂತು? ನಿಕಾಹ್‌ನಲ್ಲಿ ಹೆಣ್ಣಿನ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದೆಂದು ಮಿಂಬರಿನಿಂದ ಬೋಧಿಸುತ್ತೇವೆ. ಅವಳ ಆಸ್ತಿ ಅವಳದೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಿರುವಾಗ ಅವಳ ದೇಹದ ಬಗ್ಗೆ ಅವಳನ್ನೇ ಕೇಳದಿರುವುದು ಯಾವ ಧರ್ಮ? ಇದು ದೀನ್ ಅಲ್ಲ, ರೂಢಿ. ಪರ್ದಾದ ಹೆಸರಿನಲ್ಲಿ ಮಹಿಳಾ ವೈದ್ಯರಿಗಾಗಿ ಕಾಯುತ್ತಾ ತುರ್ತು ಚಿಕಿತ್ಸೆಯನ್ನು ಮುಂದೂಡುವುದೂ ಅಂಥದೇ. ಮಹಿಳಾ ವೈದ್ಯರು ದೊರೆತರೆ ಒಳ್ಳೆಯದು. ದೊರೆಯದಿದ್ದಾಗ ಅನಿವಾರ್ಯತೆಯು ನಿಷಿದ್ಧವನ್ನೂ ಸಡಿಲಿಸುತ್ತದೆ ಎಂಬುದು ಫಿಕ್ಹ್‌ನ ಪ್ರಾಥಮಿಕ ಪಾಠ. ನಿಜಕ್ಕೂ ಹೆಣ್ಣುಮಕ್ಕಳು ಶಸ್ತ್ರವೈದ್ಯರಾಗಬೇಕೆಂದು ಬಯಸುವ ಸಮುದಾಯವು ಅವರನ್ನು ಪಿಯುಸಿಗೇ ಕಾಲೇಜು ಬಿಡಿಸುವುದಿಲ್ಲ.

ಚೇತರಿಕೆಯ ದಿನಗಳ ಬಗ್ಗೆಯೂ ತಿಳಿದಿರಬೇಕು. ಮೊದಲ ಎರಡು-ಮೂರು ದಿನ ಭುಜ ನೋಯುವುದುಂಟು. ಹೊಟ್ಟೆಗೆ ತುಂಬಿದ ಅನಿಲ ವಪೆಯನ್ನು ಕೆರಳಿಸುವುದರಿಂದ ಹೀಗಾಗುತ್ತದೆ, ತಾನಾಗಿಯೇ ಇಳಿಯುತ್ತದೆ. ವೈದ್ಯರು ಅನುಮತಿಸಿದೊಡನೆ ಎದ್ದು ನಡೆಯಬೇಕು. ಇದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. ಸಾಮಾನ್ಯವಾಗಿ ವಾರದಿಂದ ಎರಡು ವಾರದಲ್ಲಿ ಹಗುರ ಕೆಲಸ ಸಾಧ್ಯ. ಆದರೆ ತುಂಬಿದ ಕೊಡ, ಸಿಲಿಂಡರ್, ಕಲ್ಲು ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಗಾಯ ಪೂರ್ಣ ಮಾಯುವವರೆಗೆ ಮಹಾಕೂಟದ ಪುಷ್ಕರಣಿಯಲ್ಲಾಗಲಿ ಕೆರೆಯಲ್ಲಾಗಲಿ ಮುಳುಗಬಾರದು. ದಿನದಿಂದ ದಿನಕ್ಕೆ ನೋವು ಇಳಿಯಬೇಕು. ಇಳಿಯುವ ಬದಲು ಏರಿದರೆ, ಜ್ವರ, ಬಿಡದ ವಾಂತಿ, ಕಣ್ಣು ಹಳದಿಯಾಗುವುದು, ಉಸಿರುಗಟ್ಟುವುದು, ಮೀನಖಂಡದ ಊತ ಕಂಡರೆ ಮುಂಜಾನೆಗಾಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ವಾರಗಳ ನಂತರ ರಂಧ್ರದಿಂದ ಕೀವು ಸೋರಿ ಸಾಮಾನ್ಯ ಔಷಧಿಗೆ ಜಗ್ಗದಿದ್ದರೆ, ಉಪಕರಣಗಳ ಶುದ್ಧೀಕರಣದ ಲೋಪದಿಂದ ಬರುವ ವಿಶೇಷ ಸೋಂಕಿರಬಹುದು, ಪರೀಕ್ಷೆ ಮಾಡಿಸಬೇಕು. ತೆಗೆದ ಅಂಗದ ಪರೀಕ್ಷಾ ವರದಿಯನ್ನೂ ಕೇಳಿ ಪಡೆಯಬೇಕು.

ರೋಗಿಗೆ ರೋಝಾ ಮುಂದೂಡುವ ಅನುಮತಿ ಪವಿತ್ರ ಕುರ್‌ಆನಿನಲ್ಲಿಯೇ ಇದೆ. ರುಕೂ, ಸುಜೂದ್ ಮಾಡಲಾಗದವರು ಕುಳಿತು, ಅದೂ ಆಗದಿದ್ದರೆ ಮಲಗಿ ಸನ್ನೆಯಿಂದ ನಮಾಝ್ ನಿರ್ವಹಿಸಬಹುದು. ಅಲ್ಲಾಹನೇ ರಿಯಾಯಿತಿ ಕೊಟ್ಟಿರುವಾಗ ಅಡುಗೆಮನೆ ಕೊಡುವುದಿಲ್ಲವೆಂದರೆ ಹೇಗೆ?

ಹಣದ ಚಿಂತೆಗೂ ದಾರಿಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮೊದಲು ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಶಿಫಾರಸು ಪತ್ರ ಕೇಳಬೇಕು. ಸಾಲ ಮಾಡುವ ಮುನ್ನ ಈ ಬಾಗಿಲನ್ನು ತಟ್ಟೋಣ. ನಮ್ಮ ಜಮಾಅತ್‌ಗಳು ಜುಮಾ ನಂತರ ಹತ್ತು ನಿಮಿಷ ಈ ಮಾಹಿತಿ ನೀಡಿದರೆ ಎಷ್ಟೋ ಮನೆಗಳು ಬಡ್ಡಿಯ ಬಲೆಯಿಂದ ಪಾರಾದಾವು.

ಅಝ್ಝಹ್ರಾವಿಯವರು ತಮ್ಮ ಶಸ್ತ್ರಚಿಕಿತ್ಸಾ ಭಾಗದ ಆರಂಭದಲ್ಲಿಯೇ, ಅಂಗರಚನೆಯನ್ನು ಅರಿಯದ ವೈದ್ಯನೊಬ್ಬ ಮಹಿಳೆಯೊಬ್ಬಳ ಕೊರಳಿನ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳವನ್ನು ಕತ್ತರಿಸಿ ಅವಳ ಸಾವಿಗೆ ಕಾರಣನಾದುದನ್ನು ನೋವಿನಿಂದ ದಾಖಲಿಸಿದ್ದಾರೆ. ತಿಳಿಯದೆ ಚಿಕಿತ್ಸೆ ಮಾಡುವವನು ಹಾನಿಗೆ ಹೊಣೆಗಾರನೆಂಬುದು ಪ್ರವಾದಿ ಮುಹಮ್ಮದ್(ಸ)ರ ಬೋಧನೆ. ವೈದ್ಯನ ಅಜ್ಞಾನಕ್ಕೆ ಹೊಣೆಯಿರುವಾಗ ಕುಟುಂಬದ ಅಜ್ಞಾನಕ್ಕೆ ಇಲ್ಲವೇ?

ಮೊನ್ನೆ ಖಾಲಾ ಅವರ ಹರ್ನಿಯಾ ಶಸ್ತ್ರಚಿಕಿತ್ಸೆಯೂ ಮುಗಿಯಿತು. ಈ ಸಲ ವೈದ್ಯರು ಚಿತ್ರ ಬರೆದು ವಿವರಿಸಿದರು. ಖಾಲಾ ಮೂರು ಪ್ರಶ್ನೆ ಕೇಳಿ, ಉರ್ದುವಿನಲ್ಲಿ ತಾವೇ ಸಹಿ ಹಾಕಿದರು. ಕೊಡ ಈಗ ಮಗನ ಹೆಗಲ ಮೇಲಿದೆ. ಅದು ಎರಡನೆಯ ಗಾಯದ ತನಕ ಕಾಯಬೇಕಾಗಿರಲಿಲ್ಲ.