ಬಂದೂಕು ಕೆಳಗಿಟ್ಟವನಿಗೆ ಒಂದು ಸೂರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರಿಡಲು ಒಪ್ಪಿತು. ಅದಕ್ಕೂ ಮೊದಲು, 2023ರಲ್ಲಿ, ಬೆಂಗಳೂರು-ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಗಿತ್ತು. ಹೆಸರು ಬದಲಾವಣೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂದದ್ದು ಒಂದೇ ಮಾತು, ಅದು ನೆಲದ ಬೆಲೆಯದು.

ಬೆಲೆ ಏರಿದರೆ ಮಾರುವವನಿಗೆ ಹಬ್ಬ, ಕೊಳ್ಳಬೇಕಾದವನಿಗೆ ಚಿಂತೆ. ಆ ಚಿಂತೆಯವರ ಸಾಲಿನಲ್ಲಿ ಸೇನೆಯಿಂದ ಮರಳಿದ ಜವಾನನೂ ನಿಂತಿದ್ದಾನೆ ಎಂಬುದು ನಮಗೆ ನೆನಪಾಗುವುದಿಲ್ಲ. ಸಾಮಾನ್ಯ ಜವಾನನು ನಲವತ್ತರ ಆಸುಪಾಸಿನಲ್ಲೇ ಸೇವೆಯಿಂದ ಹೊರಬರುತ್ತಾನೆ. ಅಲ್ಲಿಯವರೆಗೆ ಸರಕಾರದ ವಸತಿಗೃಹ ಇಲ್ಲವೇ ಗಡಿಯ ಡೇರೆ. ಊರಿಗೆ ಬಂದಾಗ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಿರುತ್ತಾರೆ, ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು ಮಂಜೂರು ಮಾಡುವ ಭೂಮಿಯಲ್ಲಿ ಶೇಕಡಾ 10ನ್ನು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲಿಟ್ಟಿವೆ. ಆದರೆ ರಾಜಧಾನಿ ಹತ್ತಿರವಾದಷ್ಟೂ ಮಂಜೂರು ಮಾಡಲು ಉಳಿಯುವ ಭೂಮಿ ಕಡಿಮೆ. ಹಕ್ಕು ಕಾಗದದಲ್ಲಿದ್ದರೂ ನೆಲ ಕೈಗೆ ಬರುವುದು ಕಷ್ಟ.

ಮಾಜಿ ಸೈನಿಕರ ಬವಣೆಯನ್ನು ತಮ್ಮದೆಂದು ತಿಳಿದ ಹಿರಿಯ ಸೇನಾಧಿಕಾರಿಯೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ಕೊಡಗಿನ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಹುಟ್ಟಿದ ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ನಾವು ಸೇನಾ ದಿನವೆಂದು ಆಚರಿಸುತ್ತೇವೆ. 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 1956ರವರೆಗೆ ಹೈಕಮಿಷನರ್ ಆಗಿದ್ದು, ಮಡಿಕೇರಿಯ ತಮ್ಮ 'ರೋಶನಾರಾ' ಮನೆಗೆ ಮರಳಿದರು.

ಮಾನ, ಸ್ಥಾನ, ಮನೆ ಎಲ್ಲವೂ ಇದ್ದ ಅವರು ಸುಮ್ಮನೆ ಕೂರಬಹುದಿತ್ತು, ಕೂರಲಿಲ್ಲ. 1964ರಲ್ಲಿ ಭಾರತೀಯ ಮಾಜಿ ಸೈನಿಕರ ಸಂಘವನ್ನು ಸ್ಥಾಪಿಸಿದರು. ಇದರ ಮಹತ್ವವನ್ನು ನಾವು ಹೀಗೆ ಅರಿಯುತ್ತೇವೆ: ಒಬ್ಬೊಬ್ಬನೇ ಅರ್ಜಿ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತರೆ ಅದು ಬೇಡುವುದಾಗುತ್ತದೆ. ಎಲ್ಲರೂ ಸೇರಿ ಕೇಳಿದರೆ ಅದು ಹಕ್ಕಾಗುತ್ತದೆ. 1965ರ ಯುದ್ಧದಲ್ಲಿ ಅವರ ಮಗ, ವಾಯುಸೇನೆಯ ಅಧಿಕಾರಿ, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಸೇವೆ ಮಾಡಿದವರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುವ ಮಾತು ಬಂದಾಗ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಜವಾನರೂ ನನ್ನ ಮಕ್ಕಳೇ ಎಂಬುದು ಅವರ ನಿಲುವಾಗಿತ್ತು. ಸಂಘ ಕಟ್ಟಿದ್ದೂ ಇದೇ ನಿಲುವಿನಿಂದ. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದ ಅವರು 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಸಂಘ ಹಕ್ಕನ್ನು ಕೇಳಬಲ್ಲದು. ಆದರೆ ಈ ರಾತ್ರಿ ಮಲಗಲು ಜಾಗವಿಲ್ಲದವನಿಗೆ ಬಾಗಿಲು ತೆರೆಯುವವರೂ ಬೇಕು. ಬ್ರಿಟಿಷ್ ವಾಯುಸೇನೆಯ ಗ್ರೂಪ್ ಕ್ಯಾಪ್ಟನ್ ಲಿಯೊನಾರ್ಡ್ ಚೆಷೈರ್ ಅದನ್ನು ಮಾಡಿದರು. ಮಾಜಿ ಸೈನಿಕರಿಗಾಗಿ ಅವರು ಆರಂಭಿಸಿದ ವಸತಿ ಯೋಜನೆ ಸೋತು ಸಾಲವಾಗಿತ್ತು. 1948ರಲ್ಲಿ, ಅಲ್ಲಿ ಹಿಂದೆ ಇದ್ದ, ಕ್ಯಾನ್ಸರಿನಿಂದ ಸಾಯುತ್ತಿದ್ದ ಒಬ್ಬನು ತಂಗಲು ಒಂದಿಷ್ಟು ಜಾಗ ಕೇಳಿದ. ಚೆಷೈರ್ ಅವನನ್ನು ತಮ್ಮ ಮನೆಗೇ ತಂದು ಕೈಯಾರೆ ಆರೈಕೆ ಮಾಡಿದರು. ಅದೇ ವರ್ಷದ ಕ್ರಿಸ್ಮಸ್ ಮುನ್ನಾದಿನ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆ ಒಂದು ಹಾಸಿಗೆಯಿಂದ ಬೆಳೆದ ಚೆಷೈರ್ ಹೋಮ್‌ಗಳು ಅಂಗವಿಕಲರ ಆಸರೆಯಾಗಿ ಅನೇಕ ದೇಶಗಳಿಗೆ ಹಬ್ಬಿದವು. 1956ರಲ್ಲಿ ಮುಂಬಯಿಗೆ ಬಂದು, ಮುಂದೆ ಬೆಂಗಳೂರಿಗೂ ಬಂದವು.

ಇದೆಲ್ಲ ಹಳೆಯ ಕಥೆಯಲ್ಲ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾಯಿತು. ನಾಲ್ಕು ವರ್ಷದ ಸೇವೆಯ ಬಳಿಕ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನು ಸೇನೆಯಲ್ಲಿ ಉಳಿಯುತ್ತಾನೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಮೊದಲ ತಂಡಗಳ ಅವಧಿ ಮುಗಿಯುವುದು 2026ರ ಕೊನೆಯಿಂದ. ಹುಡುಗರು ಚಿಕ್ಕ ವಯಸ್ಸಿನಲ್ಲೇ ಊರಿಗೆ ಮರಳುತ್ತಾರೆ. ಯೋಜನೆ ಸರಿಯೇ ತಪ್ಪೇ ಎಂಬ ವಾದ ಬೇರೆ. ಮರಳಿದವರನ್ನು ಯಾರು ಎದುರುಗೊಳ್ಳುತ್ತಾರೆ ಎಂಬ ಪ್ರಶ್ನೆ ಊರಿನದು, ಆದ್ದರಿಂದ ನಮ್ಮದೂ ಹೌದು. ರಾಮನಗರ ನಮ್ಮ ಕರಾವಳಿಗೆ ದೂರವಿರಬಹುದು, ಆದರೆ ಹೆದ್ದಾರಿ ಪಕ್ಕದ ನೆಲದ ಬೆಲೆ ಇಲ್ಲಿಯೂ ಅದೇ ದಾರಿ ಹಿಡಿದಿದೆ.

ಧರ್ಮಕೇಂದ್ರದ ಕೈಯಲ್ಲಿ ಆಗುವುದೇನು? ಮೊದಲು, ವಾರ್ಡಿನ ಗುರಿಕಾರರು ತಮ್ಮ ವಾರ್ಡಿನ ಮಾಜಿ ಸೈನಿಕರನ್ನೂ ಸೈನಿಕರ ವಿಧವೆಯರನ್ನೂ, ಯಾವ ಧರ್ಮದವರೆಂದು ನೋಡದೆ, ಗುರುತಿಸಲಿ. ಎರಡನೆಯದಾಗಿ, ಕಾಗದಪತ್ರ ಬಲ್ಲ ಯುವಕರು ಅವರೊಂದಿಗೆ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಬರಲಿ. ಪಿಂಚಣಿಯಿಲ್ಲದೆ, ಬೇರೆ ಆದಾಯವೂ ಇಲ್ಲದೆ 65 ದಾಟಿದ ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ದೊರೆಯುವ ನೆರವನ್ನು 2025ರ ನವೆಂಬರ್‌ನಿಂದ ತಿಂಗಳಿಗೆ 4,000ದಿಂದ 8,000 ರೂಪಾಯಿಗೆ ಏರಿಸಲಾಗಿದೆ. ಅರ್ಜಿ ಹಾಕಬೇಕೆಂದೇ ತಿಳಿಯದ ಅಜ್ಜಿಗೆ ಇದರಿಂದ ಏನೂ ಸಿಗದು. ಕೊನೆಯದಾಗಿ, ಬಾಡಿಗೆಗೆ ಮನೆ ಇರುವವರು ಆ ಕುಟುಂಬವನ್ನು ಮೊದಲು ನೆನೆಯಲಿ.

ಜನವರಿ 15ರಂದು ನಾವು ಸೈನಿಕರಿಗೆ ವಂದಿಸುತ್ತೇವೆ. ಜನವರಿ 16ರಂದು ಅವರು ಎಲ್ಲಿ ಮಲಗುತ್ತಾರೆ ಎಂದೂ ಕೇಳೋಣ.