ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತು

ಕಳೆದ ಜೂನ್ ತಿಂಗಳಲ್ಲಿ ನಮ್ಮ ಬಂಧುಗಳ ವಾಟ್ಸಾಪ್ ಬಳಗಕ್ಕೆ ಒಂದು ವಿಡಿಯೋ ಬಂತು. ನಮ್ಮ ಮನೆತನದ ಹನ್ನೆರಡು ವರ್ಷದ ಹುಡುಗಿ ಯೋಗಾಸನ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಹನುಮಾನಾಸನಕ್ಕೆ ಇಳಿದಿದ್ದಾಳೆ. ತೊಡೆ ನೆಲಕ್ಕೆ ತಾಗಲು ಇನ್ನು ನಾಲ್ಕು ಬೆರಳಿನಷ್ಟು ಉಳಿದಿದೆ. ತರಬೇತುದಾರರು ಅವಳ ಸೊಂಟದ ಮೇಲೆ ಎರಡೂ ಕೈಯೂರಿ ಭಾರ ಬಿಟ್ಟರು. ಮಗು ಚೀರಿತು, ತೊಡೆ ನೆಲಕ್ಕೆ ತಾಗಿತು, ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಬಳಗದಲ್ಲಿ ಮೆಚ್ಚುಗೆಯ ಸುರಿಮಳೆಯಾಯಿತು. ಹಿರಿಯರೊಬ್ಬರು ಗಾದೆಯನ್ನೂ ಸೇರಿಸಿದರು: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

"ಇದು ತಪ್ಪು, ನಿಲ್ಲಿಸಿ" ಎಂದು ನಾನು ಬರೆದೆ. ಅಂದಿನಿಂದ ಎರಡು ಮನೆಯವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಅಲ್ಲಿ ಒಂದು ಸಾಲಿನಲ್ಲಿ ಹೇಳಿ ಕೆಟ್ಟವನಾದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಆ ಗಾದೆ ಹುಟ್ಟಿದ್ದು ನಡತೆಯನ್ನು ಕುರಿತೇ ಹೊರತು ತೊಡೆಯ ಸ್ನಾಯುವನ್ನು ಕುರಿತಲ್ಲ. ಅದನ್ನು ದೇಹಕ್ಕೆ ಅನ್ವಯಿಸಿ ನಾವು ಎರಡು ಅನ್ಯಾಯ ಮಾಡಿದ್ದೇವೆ. ಮಕ್ಕಳನ್ನು ಅದುಮಿ ಬಗ್ಗಿಸಿದ್ದೇವೆ. ವಯಸ್ಸಾದವರನ್ನು "ಇನ್ನೇನು ಬಗ್ಗೀತು" ಎಂದು ಕುರ್ಚಿಗೆ ಕಟ್ಟಿಹಾಕಿದ್ದೇವೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳಬೇಕು. 1989ರಲ್ಲಿ ನಾನಿದ್ದ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿತ್ತು. ವಿಜ್ಞಾನದ ಮೇಷ್ಟರಾದ ನನಗೇ ಡ್ರಿಲ್ ಪೀರಿಯಡ್ಡನ್ನೂ ವಹಿಸಿದ್ದರು. ಬೆಳಗಿನ ಚಳಿಯಲ್ಲಿ ಹುಡುಗರನ್ನು ಸಾಲಾಗಿ ಕೂರಿಸಿ, ಮಂಡಿ ಮಡಿಸದೆ ಕಾಲ್ಬೆರಳು ಹಿಡಿಯಿರಿ ಎನ್ನುತ್ತಿದ್ದೆ. ಹಿಡಿಯಲಾಗದವರನ್ನು ಸೋಮಾರಿಗಳೆಂದು ಬಗೆದು ಬೆನ್ನ ಮೇಲೆ ಕೈಯಿಟ್ಟು ಅದುಮುತ್ತಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಆ ವರ್ಷ ಇದ್ದಕ್ಕಿದ್ದಂತೆ ಗೇಣುದ್ದ ಬೆಳೆದಿದ್ದವನು, ನನ್ನ ಕೈಯ ಕೆಳಗೆ "ಅಮ್ಮಾ" ಎಂದು ಕುಸಿದ. ತಿಂಗಳುಗಟ್ಟಲೆ ಕುಂಟಿದ. ಅವನ ತಾಯಿ ಶಾಲೆಗೆ ಬಂದವರು ನನ್ನನ್ನು ಬೈಯಲಿಲ್ಲ. "ಇವನೇ ಸರಿಯಾಗಿ ಮಾಡಲಿಲ್ಲವೇನೋ ಸ್ವಾಮಿ" ಎಂದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ಅದುಮಿದ್ದಕ್ಕಿಂತ ಆ ತಲೆಯಾಡಿಸಿದ್ದೇ ನನ್ನನ್ನು ಇಂದಿಗೂ ಹೆಚ್ಚು ಚುಚ್ಚುತ್ತದೆ.

ವಿಜ್ಞಾನ ಕಲಿಸುತ್ತಿದ್ದವನಿಗೆ ಗೊತ್ತಿರಬೇಕಿತ್ತು. ಸ್ನಾಯುವಿನೊಳಗೆ ಅದರ ಎಳೆತವನ್ನು ಗ್ರಹಿಸುವ ಸೂಕ್ಷ್ಮ ಅಂಗಗಳಿವೆ. ಥಟ್ಟನೆ ಎಳೆದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಮರುಕ್ಷಣವೇ ಸ್ನಾಯು ಬಿಗಿದುಕೊಳ್ಳುತ್ತದೆ. ವೈದ್ಯರು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದೂ ಇದೇ ಕಾರಣಕ್ಕೆ. ಜೋರಾಗಿ ಅದುಮುವವನು ಹೀಗೆ ಬಿಗಿದುಕೊಂಡ ಸ್ನಾಯುವಿನೊಡನೆ ಜಗ್ಗಾಡುತ್ತಿರುತ್ತಾನೆ. ಮಕ್ಕಳು ಸರ್ರನೆ ಎತ್ತರವಾಗುವ ವಯಸ್ಸಿನಲ್ಲಿ ಇನ್ನೊಂದು ಅಪಾಯವಿದೆ. ತೊಡೆಯ ಹಿಂಬದಿಯ ಸ್ನಾಯುಗಳು ಅಂಟಿಕೊಂಡಿರುವ ಪೃಷ್ಠದ ಮೂಳೆಯ ತುದಿ ಆಗಿನ್ನೂ ಪೂರ್ತಿ ಬೆಸೆದಿರುವುದಿಲ್ಲ, ನಡುವೆ ಮೃದ್ವಸ್ಥಿಯಿರುತ್ತದೆ. ಬಲವಂತದಿಂದ ಎಳೆದರೆ ಆ ಮೂಳೆಯ ಚೂರೇ ಕಿತ್ತುಬರಬಹುದು. ಇನ್ನು ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳೂ ರಬ್ಬರಲ್ಲ. ಮಿತಿಮೀರಿ ಹಿಗ್ಗಿದರೆ ಕೀಲು ಸಡಿಲವಾಗಿಯೇ ಉಳಿದೀತು. ಸೊಂಟದ ಕೀಲಿನ ಗುಳಿಯ ಆಕಾರವೂ ಎಲ್ಲರಿಗೂ ಒಂದೇ ಅಲ್ಲ. ಮೂಳೆಗೆ ಮೂಳೆ ತಾಗಿ ನಿಂತ ಮೇಲೆ ಯಾವ ಗುರುವೂ ಬಗ್ಗಿಸಲಾರ.

"ಮೈಸೂರಿನ ದೊಡ್ಡ ಗುರುಗಳು ಹೀಗೇ ಕಲಿಸಲಿಲ್ಲವೇ?" ಎಂದು ನಮ್ಮವರೊಬ್ಬರು ಫೋನಿನಲ್ಲಿ ಕೇಳಿದರು. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಕೃಷ್ಣಮಾಚಾರ್ಯರ ಶಿಕ್ಷಣ ಕಠಿಣವಾಗಿತ್ತು, ನಿಜ. ಆದರೆ ಅವರ ಶಿಷ್ಯರೇ ಆದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಮುಂದೆ ಏನು ಮಾಡಿದರು? ಬೆಲ್ಟು, ಕುರ್ಚಿ, ಮರದ ಇಟ್ಟಿಗೆಗಳನ್ನು ಯೋಗದ ಕೊಠಡಿಗೆ ತಂದರು. ಕೈ ನೆಲ ಮುಟ್ಟದವನಿಗೆ ಇಟ್ಟಿಗೆಯಿಟ್ಟು ನೆಲವನ್ನೇ ಮೇಲಕ್ಕೆ ತಂದುಕೊಟ್ಟರು. ಪತಂಜಲಿಯಂತೂ ಆಸನಕ್ಕೆ ಹೇಳುವ ಲಕ್ಷಣಗಳು ಎರಡೇ: ಸ್ಥಿರತೆ ಮತ್ತು ಸುಖ. ಚೀರುವ ಮಗುವಿನಲ್ಲಿ ಇವೆರಡರಲ್ಲಿ ಯಾವುದಿತ್ತು?

2020ರಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿದೆ. ಸ್ಪರ್ಧೆ ಬೇಡವೆಂದು ನಾನು ಹೇಳುವುದಿಲ್ಲ. ಪದಕದ ಆಸೆ ಮಕ್ಕಳಿಗಿಂತ ಹೆತ್ತವರಿಗೇ ಹೆಚ್ಚಾಗಿರುವುದನ್ನು ಮಾತ್ರ ಮೂವತ್ತು ವರ್ಷಗಳ ಮೇಷ್ಟರ ಕಣ್ಣಿನಿಂದ ನೋಡಿದ್ದೇನೆ.

ಇನ್ನು ಮರದ ಮಾತು. ನಿವೃತ್ತನಾದ ಮರುವರ್ಷ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂರಲಾರದೆ ಬಫೆಯ ಸಾಲಿಗೆ ಹೋಗಿ ನಿಂತೆ. ಪಾಯಸ ರುಚಿಸಲಿಲ್ಲ. ಆಮೇಲೆ ಒಬ್ಬ ಫಿಜಿಯೋಥೆರಪಿಸ್ಟ್ ಹುಡುಗಿ (ನನ್ನ ಮೊಮ್ಮಗಳಷ್ಟು ಚಿಕ್ಕವಳು) ನನಗೆ ಪಾಠ ಹೇಳಿದಳು. ತಣ್ಣಗಿರುವ ಮೈಯನ್ನು ಎಳೆಯಬಾರದು; ಮೊದಲು ಐದರಿಂದ ಹತ್ತು ನಿಮಿಷ ನಡೆದು ಮೈ ಬೆಚ್ಚಗಾಗಬೇಕು. ಅಂಗಾತ ಮಲಗಿ, ಪಾದಕ್ಕೆ ಟವೆಲ್ ಹಾಕಿ, ಕಾಲನ್ನು ನಿಧಾನವಾಗಿ ಮೇಲೆತ್ತಿ 30 ಸೆಕೆಂಡು ಹಿಡಿಯಬೇಕು. ಜಗ್ಗಬಾರದು, ಉಸಿರು ಕಟ್ಟಬಾರದು. ಒಂದೊಂದು ಕಾಲಿಗೆ ಎರಡು ಮೂರು ಸಲ, ವಾರಕ್ಕೆ ಎರಡು ಮೂರು ದಿನವಾದರೂ; ದಿನವೂ ಮಾಡಿದರೆ ಇನ್ನೂ ಒಳ್ಳೆಯದು. ನಮ್ಮ ಭಾಷೆಯಲ್ಲೇ ಇದಕ್ಕೆ ಬೇಕಾದ ಅಳತೆಗೋಲಿದೆ: ಎಳೆತ ಇರಬೇಕು, ಚಳುಕು ಬಂದರೆ ಸಡಿಲಿಸಬೇಕು, ಜೋಮು ಹಿಡಿದರೆ ನಿಲ್ಲಿಸಬೇಕು. ಮೂಳೆ ಸವೆತವಿರುವ ಹಿರಿಯರು ಬೆನ್ನು ಗೂನಾಗಿಸಿ ಮುಂದಕ್ಕೆ ಬಗ್ಗುವ ಆಸನಗಳನ್ನು ವೈದ್ಯರನ್ನು ಕೇಳದೆ ಮಾಡಕೂಡದು, ಬೆನ್ನೆಲುಬು ಬಿರುಕು ಬಿಟ್ಟೀತು. ನನಗೆ ನಾಲ್ಕು ತಿಂಗಳು ಹಿಡಿಯಿತು. ಈಗ ಪಂಕ್ತಿಯಲ್ಲಿ ಕೂರುತ್ತೇನೆ, ಏಳುವಾಗ ಮಾತ್ರ ಪಕ್ಕದವರ ಹೆಗಲು ಬೇಕು.

2023ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದ್ದರು. ಅವನೂ ಬಂದಿದ್ದ. ಕಾಲಿಗೆ ನಮಸ್ಕರಿಸಲು ಬಗ್ಗಿದಾಗ ಎಡ ಮಂಡಿಯನ್ನು ಮಡಿಸಿಕೊಂಡೇ ಬಗ್ಗಿದ. ಮೂವತ್ತು ವರ್ಷ ತಡವಾಗಿ ಕ್ಷಮೆ ಕೇಳಿದೆ. "ಬಿಡಿ ಸಾರ್, ಅದೆಲ್ಲ ಹಳೇದು" ಎಂದು ನಕ್ಕ. ಹೊರಡುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮಗಳನ್ನ ಯೋಗಕ್ಕೆ ಸೇರಿಸಿದೀನಿ ಸಾರ್. ಬೆನ್ನು ಅದುಮಬೇಡಿ ಅಂತ ಮೊದಲ ದಿನವೇ ಹೇಳಿಬಂದೆ."